ಉಪೋತ್ಪನ್ನಕ್ಕೂ ಉಂಟು ಕರ್ಮಬಂಧ

ಹಿಂಸೆ ಎಂದೊಡನೆ ಸಾಮಾನ್ಯರ ಕಣ್ಣ ಮುಂದೆ ನಿಲ್ಲುವುದು ಕೊಲ್ಲುವ ಕೈ. ಜಿನಾಗಮವು ಆ ಕೈಯೊಂದನ್ನೇ ನೋಡುವುದಿಲ್ಲ. ಆ ಕೈಗೆ ಆಯುಧವನ್ನು ಕೊಟ್ಟವರು ಯಾರು, ಕೂಲಿಯನ್ನು ಕೊಟ್ಟವರು ಯಾರು, ಕೊಂದು ತಂದುದನ್ನು ಕೊಂಡವರು ಯಾರು, ದೂರದಲ್ಲಿ ನಿಂತು ಮೆಚ್ಚಿ ತಲೆದೂಗಿದವರು ಯಾರು ಎಂದು ಒಂದೊಂದಾಗಿ ವಿಚಾರಿಸುತ್ತದೆ. ಪ್ರಾಣಿಯು ಸತ್ತು, ಮಾಂಸವು ಅಳಿದು, ಬರಿಯ ಎಲುಬು ಉಳಿದ ಮೇಲೂ ಆ ವಿಚಾರಣೆ ನಿಲ್ಲುವುದಿಲ್ಲ. ಇದಕ್ಕೆ ಇಂದಿನ ಲೋಕದಲ್ಲಿ ತಕ್ಕ ನಿದರ್ಶನವೊಂದಿದೆ. ಅದು ಉತ್ತರ ಅಮೆರಿಕದ ತುಪ್ಪಳದ ಬೇಟೆ ಮತ್ತು ಅದರ ಬೆನ್ನಿಗೆ ಬೆಳೆದಿರುವ ತಲೆಬುರುಡೆಗಳ ವ್ಯಾಪಾರ.

ಕೆನಡ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳ ಶೀತಪ್ರದೇಶಗಳಲ್ಲಿ ಬೀವರ್, ಮಿಂಕ್, ಮಸ್ಕ್‌ರ‍್ಯಾಟ್, ರಕೂನ್, ಕೆಂಪುನರಿ, ಕಯೋಟಿ, ನೀರುನಾಯಿ, ಬಾಬ್‌ಕ್ಯಾಟ್ ಮೊದಲಾದ ಪ್ರಾಣಿಗಳಿವೆ. ಚಳಿಗಾಲ ಬಂದಂತೆ ಅವುಗಳ ಮೈಮೇಲಿನ ತುಪ್ಪಳ ದಟ್ಟವಾಗುತ್ತದೆ. ಚಳಿಯಿಂದ ಪಾರಾಗಲು ಪ್ರಕೃತಿಯು ಕೊಟ್ಟ ಆ ಹೊದಿಕೆಯೇ ಅವುಗಳಿಗೆ ಮೃತ್ಯುವಾಗುತ್ತದೆ. ಬೋನನ್ನೋ ಉರುಳನ್ನೋ ಒಡ್ಡಿ ಅವುಗಳನ್ನು ಹಿಡಿದು, ಚರ್ಮವನ್ನು ಸುಲಿದು ಮಾರುತ್ತಾರೆ. ಉಳಿದ ಕಳೇಬರದಿಂದ ತಲೆಯನ್ನು ಬೇರ್ಪಡಿಸಿ, ಶುಚಿಗೊಳಿಸಿ, ಬೆಳ್ಳಗೆ ಮಾಡಿ, ಬೆಲೆ ಕಟ್ಟಿ ಮಾರುವವರೂ ಇದ್ದಾರೆ. ಗೃಹಾಲಂಕಾರ ಮಾಡುವವರು, ವಿಚಿತ್ರ ವಸ್ತುಗಳನ್ನು ಸಂಗ್ರಹಿಸುವವರು, ಕಲಾವಿದರು, ಶಾಲೆಗಳವರು ಅವನ್ನು ಕೊಳ್ಳುತ್ತಾರೆ.

ಮಾರುವವರು ಮುಂದಿಡುವ ವಾದ ಸರಳವಾಗಿದೆ. ಪ್ರಾಣಿಯನ್ನು ಕೊಂದದ್ದು ಚರ್ಮಕ್ಕಾಗಿ. ತಲೆ ಹೇಗೂ ಮಣ್ಣುಪಾಲಾಗುವಂಥದು. ಎಸೆಯುವುದಕ್ಕಿಂತ ಉಪಯೋಗಿಸುವುದು ಮೇಲಲ್ಲವೇ? ಬುರುಡೆಯನ್ನು ಕೊಂಡವನು ಯಾವ ಜೀವವನ್ನು ಕೊಂದನು? ಈ ಪ್ರಶ್ನೆಯು ಹಗುರವಾದುದಲ್ಲ. ಇದಕ್ಕೆ ಕೊಡುವ ಉತ್ತರವು ದೂರದೇಶದ ಬುರುಡೆಯ ಅಂಗಡಿಗೆ ಮಾತ್ರವಲ್ಲ, ಇಲ್ಲಿನ ಶ್ರಾವಕನ ಮನೆಯ ಬೀರುವಿಗೂ ಅನ್ವಯಿಸುತ್ತದೆ.

ಟೋಪಿಯಿಂದ ಬುರುಡೆಯವರೆಗೆ

ತುಪ್ಪಳದ ವ್ಯಾಪಾರಕ್ಕೆ ದೀರ್ಘ ಇತಿಹಾಸವಿದೆ. 1670ರ ಮೇ 2ರಂದು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಹಡ್ಸನ್ಸ್ ಬೇ ಕಂಪನಿಗೆ ಸನ್ನದನ್ನು ಕೊಟ್ಟನು. ಅಂದಿನ ಯೂರೋಪಿನಲ್ಲಿ ಬೀವರಿನ ತುಪ್ಪಳದಿಂದ ಮಾಡಿದ ಟೋಪಿಯು ಪ್ರತಿಷ್ಠೆಯ ಗುರುತಾಗಿತ್ತು. ಆ ಟೋಪಿಗಾಗಿ ಎರಡು ಶತಮಾನಗಳ ಕಾಲ ಬೀವರುಗಳ ಬೇಟೆ ನಡೆದು, ಎಷ್ಟೋ ನದಿತೀರಗಳಲ್ಲಿ ಆ ಪ್ರಾಣಿಯೇ ಇಲ್ಲವಾಯಿತು. ಬೀವರ್ ಹಳ್ಳಕ್ಕೆ ಅಡ್ಡಲಾಗಿ ಕಟ್ಟೆ ಕಟ್ಟಿ ನೀರನ್ನು ನಿಲ್ಲಿಸುವ ಜೀವಿ. ಅದರ ಕೊಳದಲ್ಲಿ ಮೀನು, ಕಪ್ಪೆ, ಹಕ್ಕಿಗಳು ಬಾಳುತ್ತವೆ. ಒಂದು ಬೀವರ್ ಸತ್ತರೆ ಅದರೊಂದಿಗೆ ಒಂದು ಕೊಳದ ಸಂಸಾರವೇ ಚದುರುತ್ತದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗಕ್ಕೆ ರೇಷ್ಮೆಯ ಟೋಪಿಯು ರೂಢಿಗೆ ಬಂದಾಗ ಬೀವರುಗಳಿಗೆ ಕೊಂಚ ಉಸಿರಾಡಲು ಅವಕಾಶ ದೊರೆಯಿತು. ಬೇಟೆಗಾರರ ಮನಸ್ಸು ಬದಲಾದುದರಿಂದ ಅಲ್ಲ, ಕೊಳ್ಳುವವರ ಅಭಿರುಚಿ ಬದಲಾದುದರಿಂದ ಅದು ಸಾಧ್ಯವಾಯಿತು. ಈ ಸಂಗತಿ ಮುಂದಿನ ವಿಚಾರಕ್ಕೆ ಬಹಳ ಮುಖ್ಯವಾದುದು.

ಬೋನುಗಳಲ್ಲಿ ಹಲವು ಬಗೆಗಳಿವೆ. ಕಾಲಿಟ್ಟೊಡನೆ ಕಬ್ಬಿಣದ ದವಡೆಗಳು ಮುಚ್ಚಿ ಕಾಲನ್ನು ಕಚ್ಚಿ ಹಿಡಿಯುವುದು ಒಂದು ಬಗೆ. ಅದರಲ್ಲಿ ಸಿಕ್ಕ ಪ್ರಾಣಿ ಬೇಟೆಗಾರ ಬರುವವರೆಗೂ ಜೀವಂತವಾಗಿಯೇ ಇರುತ್ತದೆ. ಬೋನನ್ನು 24 ಗಂಟೆಗೊಮ್ಮೆ ನೋಡಬೇಕೆಂದು ಅಮೆರಿಕದ ಹಲವು ರಾಜ್ಯಗಳ ಕಾನೂನು ವಿಧಿಸುತ್ತದೆ. ಕೆಲವು ರಾಜ್ಯಗಳಲ್ಲಿ ಈ ಅವಧಿ 72 ಗಂಟೆಗಳವರೆಗೂ, ಅದಕ್ಕೂ ಮಿಗಿಲಾಗಿಯೂ ಇದೆ. ಕೆನಡದಲ್ಲಿ ಬೋನಿನ ಬೇಟೆಯನ್ನೇ ಜೀವನೋಪಾಯ ಮಾಡಿಕೊಂಡಿದ್ದ ಫ್ರಾಂಕ್ ಕೊನಿಬೇರ್ ಎಂಬಾತನು ಪ್ರಾಣಿಗಳ ಈ ಯಾತನೆಯನ್ನು ಕಂಡು ನೊಂದು, ಕತ್ತನ್ನೋ ಎದೆಯನ್ನೋ ಹೊಡೆದು ಬೇಗನೆ ಪ್ರಾಣ ಹೋಗುವಂಥ ಬೇರೊಂದು ಬೋನನ್ನು ರೂಪಿಸಿದನು. 1950ರ ದಶಕದಲ್ಲಿ ಬಳಕೆಗೆ ಬಂದ ಅದು ಇಂದಿಗೂ ಅವನ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಬೇಟೆಗಾರನ ಎದೆಯಲ್ಲಿಯೂ ಕರುಣೆಯ ಒರತೆ ಇರಬಲ್ಲದೆಂಬುದಕ್ಕೆ ಇದು ಸಾಕ್ಷಿ. ಇಂಗ್ಲೆಂಡಿನಲ್ಲಿ ಹಲ್ಲುಳ್ಳ ಕಾಲುಬೋನು 1958ರಿಂದ ನಿಷಿದ್ಧವಾಯಿತು. ಯೂರೋಪಿನ ರಾಷ್ಟ್ರಗಳ ಒಕ್ಕೂಟವು 1991ರಲ್ಲಿ ನಿಯಮವನ್ನು ರೂಪಿಸಿ, 1995ರಿಂದ ಕಾಲುಬೋನಿನ ಬಳಕೆಯನ್ನು ನಿಲ್ಲಿಸಿತು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 2019ರಲ್ಲಿ ತುಪ್ಪಳಕ್ಕಾಗಿ ಬೋನೊಡ್ಡುವುದನ್ನೇ ನಿಷೇಧಿಸಿ, 2023ರಿಂದ ಹೊಸ ತುಪ್ಪಳದ ಉಡುಪುಗಳ ಮಾರಾಟವನ್ನೂ ತಡೆಯಿತು.

ಇತ್ತೀಚಿನ ವರ್ಷಗಳಲ್ಲಿ ತುಪ್ಪಳದ ಬೆಲೆ ಬಹಳವಾಗಿ ಕುಸಿದಿದೆ. ಉತ್ತರ ಅಮೆರಿಕದ ದೊಡ್ಡ ತುಪ್ಪಳ ಹರಾಜು ಸಂಸ್ಥೆಗಳಲ್ಲೊಂದು 2019ರಲ್ಲಿ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೊಕ್ಕಿತು. ಚರ್ಮಕ್ಕೆ ಬೆಲೆ ಇಲ್ಲವಾದಾಗ ಬೇಟೆಗಾರನ ದೃಷ್ಟಿಯು ಪ್ರಾಣಿಯ ಉಳಿದ ಅಂಗಗಳತ್ತ ಹೊರಳುವುದು ಸಹಜ. ಕೆಲವು ಪ್ರಾಣಿಗಳಲ್ಲಿ ಚರ್ಮಕ್ಕಿಂತ ಬುರುಡೆಗೇ ಹೆಚ್ಚು ಹಣ ಸಿಗುವ ಸಂದರ್ಭಗಳೂ ಉಂಟು. ಅಂತಹ ಕಡೆ ಯಾವುದು ಮುಖ್ಯ ಉತ್ಪನ್ನ, ಯಾವುದು ಉಪೋತ್ಪನ್ನ?

ಬುರುಡೆ ಬೆಳ್ಳಗಾಗುವ ಬಗೆ

ಅಂಗಡಿಯಲ್ಲಿ ಶುಭ್ರವಾಗಿ ಕಾಣುವ ಬುರುಡೆ ಅಲ್ಲಿಗೆ ಬರುವ ಮೊದಲು ವಾರಗಟ್ಟಲೆಯ ಸಂಸ್ಕಾರಕ್ಕೆ ಒಳಗಾಗಿರುತ್ತದೆ. ಮೊದಲು ತಲೆಯ ಚರ್ಮ, ಕಣ್ಣು, ನಾಲಗೆ, ಮಿದುಳುಗಳನ್ನು ತೆಗೆಯುತ್ತಾರೆ. ಎಲುಬಿಗೆ ಅಂಟಿದ ಮಾಂಸವನ್ನು ಹೋಗಲಾಡಿಸಲು ಹಲವು ಮಾರ್ಗಗಳಿವೆ. ನೀರಿನಲ್ಲಿ ಕುದಿಸುವುದು ಸುಲಭವಾದರೂ ಜಿಡ್ಡು ಎಲುಬಿನೊಳಗೆ ಇಳಿದು, ಮೂಗಿನ ಒಳಗಿನ ತೆಳು ಎಲುಬುಗಳು ಹಾಳಾಗುವುದರಿಂದ ನುರಿತವರು ಅದನ್ನು ಮೆಚ್ಚುವುದಿಲ್ಲ. ತಲೆಯನ್ನು ಬೆಚ್ಚನೆಯ ನೀರಿನಲ್ಲಿ ದಿನಗಟ್ಟಲೆ ಕೊಳೆಯಲು ಬಿಡುವುದು ಇನ್ನೊಂದು ಮಾರ್ಗ. ಅಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾಂಸವನ್ನು ಕರಗಿಸುತ್ತವೆ. ಮೂರನೆಯದು, ವಸ್ತುಸಂಗ್ರಹಾಲಯಗಳಲ್ಲಿಯೂ ರೂಢಿಯಲ್ಲಿರುವ ಡರ್ಮೆಸ್ಟಿಡ್ ಎಂಬ ಕೀಟಗಳ ಪ್ರಯೋಗ. ಈ ಕೀಟಗಳನ್ನು ಪೆಟ್ಟಿಗೆಯಲ್ಲಿ ಸಾಕಿ ಒಣಗಿಸಿದ ತಲೆಯನ್ನು ಅವುಗಳ ನಡುವೆ ಇಟ್ಟರೆ, ಅವುಗಳ ಮರಿಹುಳುಗಳು ಎಲುಬಿನ ಸಂದುಗೊಂದುಗಳಲ್ಲಿರುವ ಮಾಂಸವನ್ನೆಲ್ಲ ತಿಂದುಬಿಡುತ್ತವೆ. ಕೆಲಸ ಮುಗಿದ ಮೇಲೆ ಒಳಗೆ ಉಳಿದಿರುವ ಹುಳುಗಳು ಸಾಯಲೆಂದು ಬುರುಡೆಯನ್ನು ಹಲವು ದಿನ ಶೀತಯಂತ್ರದಲ್ಲಿ ಇಡುತ್ತಾರೆ.

ಆಮೇಲೆ ಸಾಬೂನಿನ ದ್ರಾವಣದಲ್ಲಿ ವಾರಗಟ್ಟಲೆ ನೆನೆಹಾಕಿ ಜಿಡ್ಡನ್ನು ತೆಗೆಯುತ್ತಾರೆ. ಬೀವರ್ ಮತ್ತು ರಕೂನುಗಳ ಎಲುಬಿನಲ್ಲಿ ಜಿಡ್ಡು ಹೆಚ್ಚು. ಬಟ್ಟೆಗೆ ಬಳಸುವ ಬ್ಲೀಚು ಎಲುಬನ್ನೇ ತಿನ್ನುವುದರಿಂದ ಅದನ್ನು ಬಿಟ್ಟು, ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಮುಳುಗಿಸಿ ಬಿಳುಪು ತರುತ್ತಾರೆ. ಉದುರಿದ ಹಲ್ಲುಗಳನ್ನು ಆಯಾ ಗುಳಿಗಳಲ್ಲಿ ಅಂಟಿಸುತ್ತಾರೆ. ಬೀವರಿನ ಬಾಚಿಹಲ್ಲುಗಳು ಮಾತ್ರ ಕಿತ್ತಳೆಯ ಬಣ್ಣದಲ್ಲಿಯೇ ಉಳಿಯುತ್ತವೆ. ಅವುಗಳ ಹೊರಪದರದಲ್ಲಿ ಕಬ್ಬಿಣದ ಅಂಶವಿರುವುದೇ ಅದಕ್ಕೆ ಕಾರಣ. ಮರವನ್ನು ಕಡಿದು ಕಟ್ಟೆ ಕಟ್ಟಲೆಂದು ಬಂದ ಆ ಹಲ್ಲು ಈಗ ಮೇಜಿನ ಮೇಲಿನ ಅಲಂಕಾರವಾಗುತ್ತದೆ.

ಜೈನ ದೃಷ್ಟಿಗೆ ಇಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದು, ಕೊಲೆಯು ಬೋನಿನಲ್ಲಿಯೇ ಮುಗಿದುಹೋಗಲಿಲ್ಲ ಎಂಬುದು. ಬೋನಿನಲ್ಲಿ ಸತ್ತದ್ದು ಮನಸ್ಸುಳ್ಳ ಸಂಜ್ಞಿ ಪಂಚೇಂದ್ರಿಯ ಜೀವ. ಬುರುಡೆಯ ಶುದ್ಧಿಯಲ್ಲಿ ಸಾಯುವುದು ಲೆಕ್ಕವಿಲ್ಲದಷ್ಟು ವಿಕಲೇಂದ್ರಿಯ ಜೀವಗಳು ಮತ್ತು ಸೂಕ್ಷ್ಮಜೀವಗಳು. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ತಾನಾಗಿಯೇ ಸತ್ತ ಎಮ್ಮೆ, ಎತ್ತುಗಳ ಮಾಂಸದಲ್ಲಿಯೂ ಹಿಂಸೆಯಿದೆ ಎಂದು ವಿವರಿಸಿದ್ದಾರೆ. ಕಳೇಬರವನ್ನು ಆಶ್ರಯಿಸಿ ಹುಟ್ಟುವ ನಿಗೋದ ಜೀವಗಳ ಘಾತವು ಅಲ್ಲಿ ತಪ್ಪದು ಎಂಬುದು ಅವರ ಕಾರಣ. ಸತ್ತ ದೇಹವು ಶೂನ್ಯವಲ್ಲ, ಅದು ಅಸಂಖ್ಯ ಜೀವಗಳ ನೆಲೆ ಎಂದು ಸಾವಿರ ವರ್ಷಗಳ ಹಿಂದೆ ಆಚಾರ್ಯರು ಕಂಡ ಮಾತಿಗೆ ಬುರುಡೆಯನ್ನು ಕೊಳೆಯಿಸುವ ನೀರಿನ ಪಾತ್ರೆಯೇ ಸಾಕ್ಷಿಯಾಗಿದೆ.

ಎರಡನೆಯ ಸಂಗತಿ ಇನ್ನೂ ಗಂಭೀರವಾದುದು. ಬೋನಿನಲ್ಲಿ ಜೀವಂತವಾಗಿ ಸಿಕ್ಕ ಪ್ರಾಣಿಯ ತಲೆಗೆ ಗುಂಡಿಟ್ಟರೆ ಅದಕ್ಕೆ ಬೇಗನೆ ಸಾವು ಬರುತ್ತದೆ. ಆದರೆ ಗುಂಡು ಹೊಕ್ಕ ಬುರುಡೆ ಒಡೆಯುತ್ತದೆ, ಒಡೆದ ಬುರುಡೆಗೆ ಬೆಲೆ ಕಡಿಮೆ. ಬುರುಡೆಯನ್ನೂ ಮಾರಬೇಕೆಂಬ ಆಸೆ ಇರುವವನ ಕೈ ಆ ಕ್ಷಣದಲ್ಲಿ ಬೇರೆ ದಾರಿಯನ್ನು ಹುಡುಕಬಹುದು. ‘ಹೇಗೂ ಎಸೆಯುವಂಥದು’ ಎಂದು ಹೇಳಲಾದ ವಸ್ತುವಿಗೆ ಬೆಲೆ ಬಂದೊಡನೆ, ಅದು ಪ್ರಾಣಿಯ ಸಾವಿನ ಬಗೆಯನ್ನೇ ನಿರ್ಣಯಿಸುವ ಶಕ್ತಿಯನ್ನು ಪಡೆದುಬಿಟ್ಟಿತು. ಉಪೋತ್ಪನ್ನವು ನಿರಪರಾಧಿ ಎಂಬ ವಾದ ಇಲ್ಲಿಯೇ ಸಡಿಲವಾಗುತ್ತದೆ.

ನಿರ್ಜೀವ ವಸ್ತುವೂ ಆಸ್ರವಕ್ಕೆ ಆಧಾರ

ಬುರುಡೆ ಅಜೀವ, ಬರಿಯ ಪುದ್ಗಲ. ಅದಕ್ಕೆ ನೋವಿಲ್ಲ. ಹಾಗಿದ್ದ ಮೇಲೆ ಅದನ್ನು ಕೊಂಡವನಿಗೆ ಬಂಧವು ಎಲ್ಲಿಂದ ಬಂತು? ಉಮಾಸ್ವಾಮಿ ಆಚಾರ್ಯರ ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯವು ಇದಕ್ಕೆ ಉತ್ತರವನ್ನು ಕೊಡುತ್ತದೆ. ಕರ್ಮದ ಆಸ್ರವಕ್ಕೆ ಅಧಿಕರಣ, ಎಂದರೆ ಆಧಾರ, ಜೀವವೂ ಆಗಬಹುದು, ಅಜೀವವೂ ಆಗಬಹುದು. ಕತ್ತಿಗೆ ಜೀವವಿಲ್ಲ, ಬಲೆಗೆ ಜೀವವಿಲ್ಲ, ಆದರೂ ಅವು ಆಸ್ರವದ ಆಧಾರಗಳು.

ಜೀವಾಧಿಕರಣದ ಲೆಕ್ಕವನ್ನು ಆ ಅಧ್ಯಾಯವು ಬಿಡಿಸಿ ತೋರಿಸುವ ಬಗೆ ಗಮನಾರ್ಹವಾದುದು. ಕಾರ್ಯವನ್ನು ಸಂಕಲ್ಪಿಸುವುದು ಸಂರಂಭ, ಸಾಧನಗಳನ್ನು ಕೂಡಿಸುವುದು ಸಮಾರಂಭ, ತೊಡಗುವುದು ಆರಂಭ. ಈ ಮೂರು ಮನಸ್ಸು, ವಚನ, ಕಾಯಗಳಿಂದ ಒಂಬತ್ತಾಗುತ್ತವೆ. ತಾನು ಮಾಡುವುದು ಕೃತ, ಮಾಡಿಸುವುದು ಕಾರಿತ, ಮಾಡಿದ್ದನ್ನು ಒಪ್ಪುವುದು ಅನುಮತ. ಇವುಗಳಿಂದ ಒಂಬತ್ತು ಇಪ್ಪತ್ತೇಳಾಗುತ್ತದೆ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಿಂದ ಗುಣಿಸಿದರೆ 108. ಜಪಮಾಲೆಯ 108 ಮಣಿಗಳನ್ನು ಎಣಿಸುವಾಗ ಈ ನೂರೆಂಟು ಬಾಗಿಲುಗಳನ್ನು ಮುಚ್ಚುವ ಸಂಕಲ್ಪವಿರಬೇಕೆಂದು ಹಿರಿಯರು ಹೇಳುತ್ತಾರೆ. ಬುರುಡೆಯನ್ನು ಮೆಚ್ಚಿ ಕೊಂಡವನು ಕೃತದಲ್ಲಿ ಇಲ್ಲದಿರಬಹುದು. ಆದರೆ ಅವನು ಕೊಟ್ಟ ಹಣವು ಮುಂದಿನ ಬೋನಿಗೆ ಪ್ರೇರಣೆಯಾದರೆ ಕಾರಿತಕ್ಕೆ ಹತ್ತಿರವಾದನು. ಅವನ ಮೆಚ್ಚುಗೆಯಂತೂ ಸ್ಪಷ್ಟವಾಗಿ ಅನುಮತವೇ.

ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ, ಕಳ್ಳರು ತಂದ ವಸ್ತುವನ್ನು ಕೊಳ್ಳುವುದನ್ನೂ ಸೇರಿಸಲಾಗಿದೆ. ಕೊಂಡವನು ಕನ್ನ ಕೊರೆಯಲಿಲ್ಲ, ಬೀಗ ಮುರಿಯಲಿಲ್ಲ. ಹಣ ಕೊಟ್ಟೇ ಕೊಂಡನು. ಆದರೂ ಅವನ ವ್ರತಕ್ಕೆ ಕಳಂಕ ತಟ್ಟಿತು. ಕೊಳ್ಳುವವನಿದ್ದಾನೆ ಎಂಬ ಧೈರ್ಯದಿಂದಲೇ ಕಳ್ಳನು ಹೊರಡುತ್ತಾನೆ. ಪರರ ಧನದ ವಿಷಯದಲ್ಲಿ ಸತ್ಯವಾದುದು ಪರರ ಪ್ರಾಣದ ವಿಷಯದಲ್ಲಿ ಸುಳ್ಳಾಗಲಾರದು.

ಗೃಹಸ್ಥನು ಬಿಡಬೇಕಾದ ಹದಿನೈದು ಕರ್ಮಾದಾನಗಳನ್ನು ಶ್ವೇತಾಂಬರ ಆಗಮದ ‘ಉಪಾಸಕದಶಾಂಗ’ವು ಎಣಿಸುತ್ತದೆ. ಅವುಗಳಲ್ಲಿ ದಂತವಾಣಿಜ್ಯವೂ ಒಂದು. ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಇದನ್ನು ವಿಸ್ತರಿಸಿ ದಂತದ ಜೊತೆಗೆ ಕೂದಲು, ಉಗುರು, ಎಲುಬು, ಚರ್ಮಗಳ ವ್ಯಾಪಾರವನ್ನೂ ಅದರೊಳಗೆ ತಂದಿದ್ದಾರೆ. ಪ್ರಾಚೀನ ವ್ಯಾಖ್ಯಾನಕಾರರು ಕೊಡುವ ಕಾರಣವು ಇಂದಿನ ಅರ್ಥಶಾಸ್ತ್ರದ ವಿದ್ಯಾರ್ಥಿಗೂ ಒಪ್ಪಿಗೆಯಾಗುವಂಥದು. ವ್ಯಾಪಾರಿಯು ಕಾಡಿನ ಪುಳಿಂದರಿಗೆ ದಂತ ಕೊಡಿರೆಂದು ಮುಂಗಡ ಹಣವನ್ನು ಕೊಡುತ್ತಾನೆ. ವ್ಯಾಪಾರಿ ಇಷ್ಟರಲ್ಲಿಯೇ ಬರುವನೆಂದು ಪುಳಿಂದರು ಆನೆಗಳನ್ನು ಕೊಲ್ಲುತ್ತಾರೆ. ವ್ಯಾಪಾರಿಯು ಕೊಲ್ಲೆಂದು ಒಂದು ಮಾತನ್ನೂ ಆಡಲಿಲ್ಲ, ಅವನು ಬರುವನೆಂಬ ನಿರೀಕ್ಷೆಯೇ ಕೊಂದಿತು. ಹದಿಮೂರನೆಯ ಶತಮಾನದ ದಿಗಂಬರ ವಿದ್ವಾಂಸ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಇಂತಹ ಕಠೋರ ವೃತ್ತಿಗಳನ್ನು ಹದಿನೈದೆಂದು ಲೆಕ್ಕ ಹಾಕಿ ನಿಲ್ಲಿಸುವುದು ತರವಲ್ಲ, ಲೋಕದಲ್ಲಿ ಸಾವದ್ಯ ಕರ್ಮಗಳು ಎಣಿಕೆಗೆ ಮೀರಿದವು ಎಂದು ಎಚ್ಚರಿಸಿದ್ದಾರೆ. ತಲೆಬುರುಡೆಯ ವ್ಯಾಪಾರವೆಂಬ ಹೆಸರು ಯಾವ ಹಳೆಯ ಪಟ್ಟಿಯಲ್ಲಿಯೂ ಇಲ್ಲದಿರಬಹುದು. ಆಶಾಧರರ ಮಾತನ್ನು ಬಲ್ಲವನು ಪಟ್ಟಿಯನ್ನು ಹುಡುಕುತ್ತ ಕೂರುವುದಿಲ್ಲ.

ಆದಿನಾಥ ಸ್ವಾಮಿಯು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಜೀವನೋಪಾಯಗಳನ್ನು ಬೋಧಿಸಿದನು. ವಾಣಿಜ್ಯವು ಆ ಆರರಲ್ಲಿ ಒಂದಾಗಿರುವುದರಿಂದ ಇದೂ ಸಲ್ಲದೇ ಎಂದು ಕೇಳುವವರುಂಟು. ಅಡುಗೆಯಲ್ಲಿ ಆಗುವ ಆರಂಭೀ ಹಿಂಸೆ, ಬೇಸಾಯ ವ್ಯಾಪಾರಗಳಲ್ಲಿ ಆಗುವ ಉದ್ಯೋಗೀ ಹಿಂಸೆ, ಆತ್ಮರಕ್ಷಣೆಯಲ್ಲಿ ಆಗುವ ವಿರೋಧೀ ಹಿಂಸೆ ಇವು ಗೃಹಸ್ಥನಿಗೆ ಸಂಪೂರ್ಣವಾಗಿ ತಪ್ಪವು. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಮಾತ್ರ ಅವನು ಬಿಡಲೇಬೇಕು. ನೇಗಿಲಿನಡಿಯಲ್ಲಿ ಹುಳು ಸಾಯುತ್ತದೆ. ರೈತನು ಹುಳುವಿಗಾಗಿ ಉಳುವುದಿಲ್ಲ. ಬೋನು ಒಡ್ಡುವವನಾದರೋ ಪ್ರಾಣಿಗಾಗಿಯೇ ಒಡ್ಡುತ್ತಾನೆ. ಮೂಲದಲ್ಲಿ ಸಂಕಲ್ಪೀ ಹಿಂಸೆಯಿರುವ ಸರಕಿಗೆ ವಾಣಿಜ್ಯದ ಹೆಸರು ರಕ್ಷಣೆಯನ್ನು ಕೊಡದು.

ನೇಮಿನಾಥನು ಕೇಳಿದ ಪ್ರಶ್ನೆ

ಈ ವಿಚಾರದ ಜೀವಾಳವು ತೀರ್ಥಂಕರ ನೇಮಿನಾಥ ಸ್ವಾಮಿಯ ಚರಿತೆಯಲ್ಲಿದೆ. ಕನ್ನಡದಲ್ಲಿ ಕರ್ಣಪಾರ್ಯ, ನೇಮಿಚಂದ್ರರಂಥ ಕವಿಗಳು ಪುರಾಣವಾಗಿ ರಚಿಸಲು ತೊಡಗಿದ ಪುಣ್ಯಕಥೆಯಿದು. ರಾಜಮತಿಯನ್ನು ವರಿಸಲು ದಿಬ್ಬಣದೊಂದಿಗೆ ಹೊರಟ ನೇಮಿಕುಮಾರನ ಕಿವಿಗೆ ಬೇಲಿಯೊಳಗೆ ಕೂಡಿಹಾಕಿದ್ದ ಮೃಗಗಳ ಆರ್ತನಾದವು ಬಿತ್ತು. ಇವನ್ನು ಏಕೆ ಕೂಡಿಹಾಕಿದೆ ಎಂದು ಕೇಳಿದನು. ತನ್ನ ಮದುವೆಯ ಔತಣಕ್ಕೆಂದು ತಿಳಿಯಿತು. ಅವನ್ನು ಹಿಡಿದದ್ದು ಅವನಲ್ಲ, ಹಿಡಿಯೆಂದು ಆಜ್ಞೆ ಕೊಟ್ಟದ್ದೂ ಅವನಲ್ಲ. ಆದರೂ ಅವು ತನ್ನ ನಿಮಿತ್ತವಾಗಿ ಸಾಯಲಿವೆ ಎಂಬ ಒಂದು ಅರಿವು ಅವನ ಬಾಳಿನ ದಿಕ್ಕನ್ನೇ ತಿರುಗಿಸಿತು. ಮೃಗಗಳನ್ನು ಬಿಡಿಸಿ, ಆಭರಣಗಳನ್ನು ಕಳಚಿ, ಊರ್ಜಯಂತಗಿರಿಯನ್ನೇರಿ ದೀಕ್ಷೆಯನ್ನು ಕೈಗೊಂಡನು.

ಕಥೆಯನ್ನು ಎಲ್ಲ ಶ್ರಾವಕರೂ ಬಲ್ಲರು. ಅದರಲ್ಲಿ ಹೆಚ್ಚು ಮನನ ಮಾಡಬೇಕಾದುದು ಆ ಪ್ರಶ್ನೆ. ಔತಣದ ಎಲೆಯ ಮುಂದೆ ಕುಳಿತ ಮೇಲೆ ಕೇಳಿದ್ದರೆ, ‘ಹೇಗೂ ಸತ್ತಾಗಿದೆ’ ಎಂಬ ಉತ್ತರವು ಸಿದ್ಧವಾಗಿರುತ್ತಿತ್ತು. ನೇಮಿನಾಥನು ದಾರಿಯಲ್ಲಿಯೇ, ಬೇಲಿಯ ಬಳಿಯೇ ಕೇಳಿದನು. ಕೊಳ್ಳುವ ಮುನ್ನ ಕೇಳುವ ಪ್ರಶ್ನೆಯಿಂದ ಜೀವ ಉಳಿಯುತ್ತದೆ. ಕೊಂಡ ಮೇಲೆ ಕೇಳುವ ಪ್ರಶ್ನೆಗೆ ಸಮಾಧಾನ ಮಾತ್ರ ಸಿಗುತ್ತದೆ.

ನಿರ್ಜೀವ ವಸ್ತುವಿನಲ್ಲಿ ದೋಷವೇನೆಂಬ ಸಂಶಯಕ್ಕೆ ಜನ್ನನು 1209ರಲ್ಲಿ ರಚಿಸಿದ ‘ಯಶೋಧರಚರಿತೆ’ಯೂ ಉತ್ತರವಾಗಿದೆ. ತಾಯಿಯ ಮಾತಿಗೆ ಕಟ್ಟುಬಿದ್ದು ಯಶೋಧರನು ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ಕೊಲ್ಲುವ ಭಾವವಿದ್ದುದರಿಂದ ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ತೊಳಲಿದರು. ಹಿಟ್ಟಿನ ಕೋಳಿಗೆ ಹಿಂದೆಂದೂ ಜೀವವಿರಲಿಲ್ಲ. ಬುರುಡೆಯೊಳಗಾದರೋ ಒಮ್ಮೆ ಜೀವವಿತ್ತು.

ಎಲ್ಲವೂ ಒಂದೇ ತೂಕವಲ್ಲ

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಎಲುಬೂ ಸಮಾನ ದೋಷವುಳ್ಳದ್ದು, ಎಲ್ಲರೂ ಸಮಾನ ಅಪರಾಧಿಗಳು ಎಂದಲ್ಲ. ತೀವ್ರಭಾವ, ಮಂದಭಾವ, ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು, ಆಧಾರ, ಶಕ್ತಿ ಇವುಗಳ ಭೇದದಿಂದ ಆಸ್ರವವೂ ಭೇದಗೊಳ್ಳುತ್ತದೆ ಎಂದು ಉಮಾಸ್ವಾಮಿಗಳೇ ತಿಳಿಸಿದ್ದಾರೆ. ಮ್ಯೂಸಿಯಮ್ಮಿನಲ್ಲಿ ನೂರು ವರ್ಷಗಳಿಂದ ಇರುವ ಬುರುಡೆಯನ್ನು ನೋಡಿ ಪ್ರಾಣಿಶಾಸ್ತ್ರವನ್ನು ಕಲಿಯುವ ವಿದ್ಯಾರ್ಥಿಗೂ, ಗೋಡೆಯ ಅಂದಕ್ಕಾಗಿ ಹೊಸ ಬುರುಡೆಯನ್ನು ತರಿಸಿಕೊಳ್ಳುವವನಿಗೂ ಅಂತರವಿದೆ.

ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿಯೂ ಪ್ರಾಣಿಯಿಂದ ಬಂದುದೇ. ಆದರೆ ನವಿಲು ಋತುಮಾನಕ್ಕೆ ಸರಿಯಾಗಿ ತಾನಾಗಿಯೇ ಉದುರಿಸಿದ ಗರಿ ಅದು. ಅದಕ್ಕಾಗಿ ಯಾವ ಬೋನೂ ಮುಚ್ಚುವುದಿಲ್ಲ, ಮೇಲಾಗಿ ಅದರ ಕೆಲಸವೇ ಸಣ್ಣ ಜೀವಗಳನ್ನು ನೋಯದಂತೆ ಸರಿಸುವುದು. ವಸ್ತುವು ಪ್ರಾಣಿಜನ್ಯವೇ ಎಂಬುದಷ್ಟೇ ಒರೆಗಲ್ಲಲ್ಲ. ಅದು ಕೈಗೆ ಬಂದ ಬಗೆ ಮತ್ತು ಅದರಿಂದ ಬೆಳೆಯುವ ಭಾವ, ಈ ಎರಡೂ ಒರೆಗಲ್ಲುಗಳು.

ಬುರುಡೆಯನ್ನು ನೋಡುತ್ತಿದ್ದರೆ ವೈರಾಗ್ಯ ಹುಟ್ಟುವುದಿಲ್ಲವೇ ಎಂದು ಕೆಲವರು ಕೇಳುವುದುಂಟು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅನಿತ್ಯ, ಅಶುಚಿ ಭಾವನೆಗಳು ಇರುವುದು ನಿಜ. ಆದರೆ ಅವುಗಳ ಚಿಂತನೆಗೆ ವಿಷಯವು ಸಾಧಕನ ಸ್ವಂತ ದೇಹ. ಚರ್ಮದ ಚೀಲದೊಳಗಿನ ಎಲುಬಿನ ಗೂಡು ಪ್ರತಿಯೊಬ್ಬನಲ್ಲಿಯೂ ಇರುವಾಗ, ವೈರಾಗ್ಯಕ್ಕೆಂದು ಹಣ ಕೊಟ್ಟು ಮತ್ತೊಂದು ಜೀವದ ತಲೆಯನ್ನು ತರುವ ಅಗತ್ಯವಿಲ್ಲ.

ಬೀರುವಿನ ಬಾಗಿಲು ತೆರೆದಾಗ

ಅಮೆರಿಕದ ಬೋನಿನ ಕಥೆಯನ್ನು ಕೇಳಿ ಇಲ್ಲಿನ ಸಜ್ಜನನು ಕಿವಿ ಮುಚ್ಚಿಕೊಳ್ಳುವುದು ಸುಲಭ. ಅದೇ ನ್ಯಾಯವನ್ನು ಮನೆಯೊಳಗೆ ತಂದಾಗ ಕಷ್ಟ ಮೊದಲಾಗುತ್ತದೆ. ಹಿಪ್ಪುನೇರಳೆ ರೇಷ್ಮೆಯ ಉತ್ಪಾದನೆಯಲ್ಲಿ ಕರ್ನಾಟಕವು ದೇಶದಲ್ಲಿಯೇ ಮುಂದಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ದೊಡ್ಡ ಹೆಸರಿದೆ. ಎಳೆ ತುಂಡಾಗದಂತೆ ನೂಲು ಬಿಚ್ಚಾಣಿಕೆ ಮಾಡಬೇಕಾದರೆ ಚಿಟ್ಟೆಯು ಗೂಡನ್ನು ತೂತು ಮಾಡಿ ಹೊರಬರುವ ಮೊದಲೇ ಒಳಗಿನ ಜೀವವನ್ನು ಬಿಸಿಯಿಂದ ಕೊಲ್ಲಬೇಕು. ನೂಲನ್ನು ತೆಗೆದ ಮೇಲೆ ಉಳಿಯುವ ಸತ್ತ ಹುಳುವನ್ನು ಎಣ್ಣೆಗೂ ಮೇವಿಗೂ ಮಾರುತ್ತಾರೆ. ಅಲ್ಲಿ ಚರ್ಮ ಮುಖ್ಯ, ಬುರುಡೆ ಉಪೋತ್ಪನ್ನ. ಇಲ್ಲಿ ನೂಲು ಮುಖ್ಯ, ಹುಳು ಉಪೋತ್ಪನ್ನ. ಆ ನೂಲಿನ ಸೀರೆಯನ್ನುಟ್ಟು ಅಭಿಷೇಕಕ್ಕೆ ನಿಲ್ಲುವುದು ಮಂಗಳಕರವೆಂಬ ಭಾವನೆ ಇನ್ನೂ ಹಲವರಲ್ಲಿದೆ. ರೇಷ್ಮೆಯನ್ನು ಬಿಟ್ಟು ಹತ್ತಿಯ ಮಡಿಯಲ್ಲಿ ಪೂಜೆಗೆ ಬರುವ ಶ್ರಾವಕ ಶ್ರಾವಿಕ್ಯರೂ ಇದ್ದಾರೆ ಎಂಬುದು ಸಂತೋಷದ ವಿಷಯ. ಹುಳು ಸಾಕುವ ಬಡ ರೈತನನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಬುರುಡೆಗೆ ಹಿಡಿದ ತಕ್ಕಡಿಯನ್ನು ಸೀರೆಗೂ ಹಿಡಿಯಬೇಕೆಂಬುದಷ್ಟೇ ಉದ್ದೇಶ.

2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಲಾಕೆಟ್ಟುಗಳ ಪ್ರಕರಣಗಳು ರಾಜ್ಯದಲ್ಲಿ ದೊಡ್ಡ ಸುದ್ದಿಯಾದುವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಹುಲಿಯ ಉಗುರನ್ನಾಗಲಿ, ಸಂರಕ್ಷಿತ ಪ್ರಾಣಿಗಳ ಬುರುಡೆ, ಕೊಂಬು, ಚರ್ಮಗಳನ್ನಾಗಲಿ ವ್ಯಾಪಾರ ಮಾಡಲು ಬಿಡುವುದಿಲ್ಲ. ಮಿಂಕ್, ನರಿ, ಚಿಂಚಿಲಾ ಪ್ರಾಣಿಗಳ ತುಪ್ಪಳದ ಆಮದನ್ನು ಭಾರತವು 2017ರಲ್ಲಿ ನಿಷೇಧಿಸಿದೆ. ಕಾನೂನು ಇಷ್ಟನ್ನು ಮಾಡಬಲ್ಲದು. ಉಗುರು ಕತ್ತಿನಲ್ಲಿದ್ದರೆ ಪ್ರತಿಷ್ಠೆ ಎಂಬ ಮನಸ್ಸಿನ ಮಾನಕಷಾಯವನ್ನು ಕಾನೂನು ತೆಗೆಯಲಾರದು. ಆ ಕೆಲಸ ವ್ರತದ್ದು.

ಬೋನೊಡ್ಡುವವನನ್ನು ಕುರಿತು

ಕೊನೆಯದಾಗಿ ಬೋನೊಡ್ಡುವವನ ಮಾತು. ಕೆನಡದ ಉತ್ತರದ ಹಿಮಪ್ರದೇಶದಲ್ಲಿ ಬೇಸಾಯ ಬೆಳೆಯದು. ಅಲ್ಲಿನ ಮೂಲನಿವಾಸಿಗಳಿಗೆ ಬೇಟೆಯು ತಲೆಮಾರುಗಳಿಂದ ಬಂದ ಬದುಕು, ಪ್ರಾಣಿಯ ಯಾವ ಭಾಗವನ್ನೂ ವ್ಯರ್ಥ ಮಾಡಬಾರದೆಂಬುದು ಅವರ ಮರ್ಯಾದೆ. ಪರವಾನಗಿ ಮತ್ತು ಋತುವಿನ ಮಿತಿಯೊಳಗೆ ಬೇಟೆ ನಡೆದರೆ ಪ್ರಾಣಿಗಳ ಸಂಖ್ಯೆ ಹತೋಟಿಯಲ್ಲಿರುತ್ತದೆ ಎಂಬುದು ಅಲ್ಲಿನ ಅಧಿಕಾರಿಗಳ ವಾದ. ಅನೇಕಾಂತವನ್ನು ನಂಬಿದವನು ಇದನ್ನೂ ಕೇಳಬೇಕು. ಕೇಳಿದ ಮಾತ್ರಕ್ಕೆ ಹಿಂಸೆಯು ಅಹಿಂಸೆಯಾಗದು, ಆದರೆ ಹಿಂಸಕನ ಮೇಲಿನ ದ್ವೇಷ ಅಳಿಯುತ್ತದೆ. ಎಲ್ಲ ಜೀವಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕಾರುಣ್ಯ, ವಿಪರೀತ ನಡೆಯುವವರಲ್ಲಿ ಮಾಧ್ಯಸ್ಥ್ಯ ಎಂಬುದು ಜಿನಮಾರ್ಗ. ಬೋನಿನಲ್ಲಿ ಸಿಕ್ಕ ನರಿಯ ಮೇಲೆ ಕರುಣೆ, ಬೋನೊಡ್ಡಿದವನ ಮೇಲೆ ಕ್ರೋಧ ಎಂದಾದರೆ, ಆ ಕ್ರೋಧವು ನೂರೆಂಟು ಬಾಗಿಲುಗಳಲ್ಲಿ ಇನ್ನೊಂದನ್ನು ತೆರೆದಂತೆಯೇ.

ಜೈನ ಕಥಾಸಾಹಿತ್ಯವು ಬಲೆ ಬೀಸುವವನನ್ನು ಎಂದೂ ಬಾಗಿಲ ಹೊರಗೆ ನಿಲ್ಲಿಸಿಲ್ಲ. ಅವಂತಿ ದೇಶದ ಮೃಗಸೇನನೆಂಬ ಬೆಸ್ತನ ಕಥೆ ಪ್ರಸಿದ್ಧವಾಗಿದೆ. ಬಲೆಗೆ ಮೊದಲು ಬಿದ್ದ ಜೀವವನ್ನು ಕೊಲ್ಲುವುದಿಲ್ಲ ಎಂಬಷ್ಟೇ ಸಣ್ಣ ನಿಯಮವನ್ನು ಅವನು ಮುನಿಗಳಿಂದ ಪಡೆದನು. ಅಂದು ಮೊದಲು ಸಿಕ್ಕ ಮೀನಿಗೆ ಗುರುತು ಕಟ್ಟಿ ನೀರಿಗೆ ಬಿಟ್ಟನು. ಅದೇ ಮೀನು ಐದು ಬಾರಿ ಬಲೆಗೆ ಬಿತ್ತು, ಐದು ಬಾರಿಯೂ ಬಿಟ್ಟು ಬರಿಗೈಯಲ್ಲಿ ಮನೆಗೆ ಮರಳಿದನು. ಹೆಂಡತಿ ಬಾಗಿಲು ತೆರೆಯಲಿಲ್ಲ. ಹೊರಗೆ ಮಲಗಿದವನು ಹಾವು ಕಚ್ಚಿ ಸತ್ತನು. ಐದು ಬಾರಿ ಉಳಿಸಿದ ಒಂದು ಜೀವದ ಫಲವಾಗಿ ಮುಂದಿನ ಜನ್ಮದಲ್ಲಿ ಐದು ಬಾರಿ ಮೃತ್ಯುಮುಖದಿಂದ ಪಾರಾದನು ಎಂದು ಕಥೆ ಹೇಳುತ್ತದೆ. ವೃತ್ತಿಯನ್ನು ಒಂದೇ ದಿನದಲ್ಲಿ ಬಿಡೆಂದು ಮುನಿಗಳು ಅವನಿಗೆ ಹೇಳಲಿಲ್ಲ, ಸಾಧ್ಯವಾದ ಒಂದು ಮಿತಿಯನ್ನು ಕೊಟ್ಟರು.

ಬಲೆಯನ್ನೇ ನಂಬಿ ಬದುಕಿದ ಬೆಸ್ತನಿಗೆ ಅಷ್ಟು ಸಾಧ್ಯವಾದರೆ, ಬರಿಯ ಕೊಳ್ಳುವವನಾದ ಗೃಹಸ್ಥನಿಗೆ ಅದಕ್ಕಿಂತ ಹೆಚ್ಚು ಸಾಧ್ಯವಾಗಬೇಕು. ಅವನ ಹಸಿವು ಇದರಲ್ಲಿಲ್ಲ, ಮನೆಯ ಒಲೆಯೂ ಇದರಿಂದ ಉರಿಯುವುದಿಲ್ಲ. ಎಲುಬು, ಕೊಂಬು, ಉಗುರು, ದಂತ, ತುಪ್ಪಳಗಳಿಂದಾದ ಅಲಂಕಾರದ ವಸ್ತುವನ್ನು ಕೊಳ್ಳುವುದಿಲ್ಲ, ಉಡುಗೊರೆಯಾಗಿ ಕೊಡುವುದಿಲ್ಲ, ಕೊಟ್ಟರೆ ವಿನಯದಿಂದ ಒಲ್ಲೆನೆನ್ನುವೆನು ಎಂಬ ನಿಯಮವನ್ನು ಬರುವ ಚತುರ್ದಶಿಯಂದು ಬಸದಿಯಲ್ಲಿ ಕೈಮುಗಿದು ಸ್ವೀಕರಿಸಬಹುದು. ವಿದೇಶದಲ್ಲಿರುವ ಮಕ್ಕಳಿಗೂ ಅದನ್ನು ತಿಳಿಸಿ ಹೇಳಬಹುದು. ಚರ್ಮದ ಪಟ್ಟಿ, ರೇಷ್ಮೆಯ ಸೀರೆಗಳ ವಿಷಯದಲ್ಲಿ ಒಮ್ಮೆಗೇ ಸಾಧ್ಯವಾಗದಿದ್ದರೆ ಪೂಜೆಯ ಹೊತ್ತಿಗಾದರೂ, ಪರ್ವದ ದಿನಗಳಲ್ಲಾದರೂ ಬಿಡುವ ಮಿತಿಯನ್ನು ಹಾಕಿಕೊಳ್ಳಬಹುದು. ಅಂಗಡಿಯ ಮುಂದೆ ನಿಂತಾಗ ನೇಮಿಕುಮಾರನು ಬೇಲಿಯ ಬಳಿ ಕೇಳಿದ ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು. ಇದು ಯಾರಿಂದ ಬಂತು, ಯಾರಿಗಾಗಿ ಬಂತು? ಉತ್ತರವನ್ನು ಕೇಳಿ ಹಣದ ಚೀಲವನ್ನು ಮಡಿಸಿ ಮುಂದೆ ನಡೆಯುವ ಆ ಒಂದು ಕ್ಷಣವೂ ಸಂವರವೇ.